‘ಅರ್ಜಿ ಇಲ್ಲ’ ಎಂದಿತು ಕಂಪ್ಯೂಟರ್

“ಸರ್, ನಮ್ಮ ಹುಡುಗಿ ಅರ್ಜಿನ ಇಲ್ಲಂತ ತೋರಸಾಕತ್ತೈತ್ರಿ.”

ಬೆಳಿಗ್ಗೆ ಹತ್ತೂವರೆಗೆ ಫೋನ್ ಮಾಡಿದವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು. ಊರು ರಾಣೇಬೆನ್ನೂರು ತಾಲ್ಲೂಕು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಒಂದು ದತ್ತಿ ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಕೊಟ್ಟಿದ್ದಳು. ಅಂದು ಜಾಲತಾಣದಿಂದ ತನ್ನ ಚೀಟಿ ಮುದ್ರಿಸಿಕೊಂಡು, ಸಂಜೆ ಐದರೊಳಗೆ ಹಾವೇರಿಗೆ ಬಂದು ಮೂಲ ದಾಖಲೆ ತೋರಿಸಬೇಕಿತ್ತು. ಆಕೆಯ ಅರ್ಜಿಗೆ ಸಹಿ ಮಾಡಿದವನು ನಾನೇ. ಅದು ತಲುಪಿದ್ದೂ ನನಗೆ ಗೊತ್ತಿತ್ತು.

ಜಾಲತಾಣವನ್ನು ಬರೆದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಬ್ಯಾಡಗಿಯ ಹುಡುಗ. ರಜೆಗೆಂದು ಊರಿಗೆ ಬಂದಿದ್ದ. ಅವನ ಮನೆಗೆ ಹೋಗುವಷ್ಟರಲ್ಲಿ ಇಂಥದೇ ಇನ್ನೂ ಹಲವು ಕರೆಗಳು ಬಂದಿದ್ದವು. “ಸರ್ವರ್ ಬಿಜಿ ಇರಬೇಕು” ಎಂದರು ಯಾರೋ. “ಹುಡುಗರು ನಂಬರ್ ತಪ್ಪು ಹೊಡೆದಿರಬೇಕು” ಎಂದರು ಇನ್ನೊಬ್ಬರು. ಏನೇ ಕೆಟ್ಟರೂ ನಾವು ಮೊದಲು ಹೇಳುವುದು ಇವೆರಡೇ ಮಾತು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಮಾಹಿತಿಯನ್ನು ಹಾಜರಿ ಪುಸ್ತಕದಂತೆ ಸಾಲು-ಕಂಬಗಳಲ್ಲಿ ಇಡುವ ದತ್ತಸಂಚಯದ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಅದನ್ನು ಪ್ರಶ್ನಿಸುವ ಭಾಷೆಯನ್ನು 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಮುಂದಿಟ್ಟರು. ಅದೇ ಇಂದಿನ ಎಸ್‌ಕ್ಯೂಎಲ್. ‘ಈ ಸಂಖ್ಯೆಯ, ಈ ತಾಲ್ಲೂಕಿನ ಅರ್ಜಿ ಕೊಡು’ ಎಂದು ಕೇಳಿದರೆ ಕೊಡುತ್ತದೆ. ಪ್ರಶ್ನೆಯ ವ್ಯಾಕರಣ ತಪ್ಪಿದ್ದರೆ ದೋಷವೆಂದು ಕೂಗುತ್ತದೆ. ವ್ಯಾಕರಣ ಸರಿಯಿದ್ದು ಹೊಂದುವ ಸಾಲು ಸಿಗದಿದ್ದರೆ ಕೂಗುವುದಿಲ್ಲ, ಸುಮ್ಮನೆ ಖಾಲಿ ಕೈ ತೋರಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನಿಸಿಕೆ, ಏಕೆಂದರೆ ಅಲ್ಲಿ ತಪ್ಪು ನಡೆದಿದೆ ಎಂದೇ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಹುಡುಗ ಮೊದಲು ಮಾಡಿದ್ದು ಏನನ್ನೂ ಮುಟ್ಟದಿರುವುದು. ಜನ ಬಳಸುತ್ತಿರುವ ಜಾಲತಾಣದಲ್ಲಿ ಕೈಯಾಡಿಸಬಾರದೆಂದು ಮಾಹಿತಿಯ ಒಂದು ನಕಲು ಮಾಡಿಕೊಂಡ. ಯಂತ್ರದ ದಿನಚರಿ ನೋಡಿದ, ದೋಷದ ಒಂದು ಸಾಲೂ ಇರಲಿಲ್ಲ. ಆಮೇಲೆ ಪ್ರಶ್ನೆಯ ಷರತ್ತುಗಳನ್ನು ಒಂದೊಂದಾಗಿ ಕಳಚಿದ. ಬಲ್ಬ್ ಹತ್ತದಿದ್ದಾಗ ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದೇ ತಾನೆ? ಒಂದು ಸಲಕ್ಕೆ ಒಂದೇ ಬದಲಾವಣೆ. ಬರೀ ಅರ್ಜಿ ಸಂಖ್ಯೆ ಕೊಟ್ಟಾಗ ಹುಡುಗಿಯ ಹೆಸರು ಬಂತು. ತಾಲ್ಲೂಕು ಸೇರಿಸಿದೊಡನೆ ಮಾಯ!

ರಾಣೇಬೆನ್ನೂರನ್ನು ರಾಣೆಬೆನ್ನೂರು, ರಾಣಿಬೆನ್ನೂರು ಎಂದೂ ಬರೆಯುವವರಿದ್ದಾರೆ. ಅದೇ ಇರಬೇಕೆಂದುಕೊಂಡೆವು. ಅಲ್ಲ. ಪಟ್ಟಿಯಲ್ಲಿದ್ದ ಹೆಸರು, ಅರ್ಜಿಯಲ್ಲಿದ್ದ ಹೆಸರು ಎರಡೂ ಕೂದಲೆಳೆಯಷ್ಟೂ ಬೇರೆ ಕಾಣಲಿಲ್ಲ. ವಿಚಿತ್ರವೆಂದರೆ ಹಾವೇರಿಯ ಮಕ್ಕಳಿಗೂ ಇದೇ ಗತಿ, ಬ್ಯಾಡಗಿಯವರಿಗೆ ಮಾತ್ರ ಏನೂ ತೊಂದರೆಯಿಲ್ಲ. ಹುಡುಗ ಎರಡೂ ಹೆಸರುಗಳ ಉದ್ದ ಎಣಿಸಲು ಯಂತ್ರಕ್ಕೆ ಹೇಳಿದ. ಅರ್ಜಿಯ ರಾಣೇಬೆನ್ನೂರಿನಲ್ಲಿ 12 ಸಂಕೇತ, ಪಟ್ಟಿಯ ರಾಣೇಬೆನ್ನೂರಿನಲ್ಲಿ 13!

ಗುಟ್ಟು ಇದ್ದದ್ದು ಏತ್ವದಲ್ಲಿ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್‌ನಲ್ಲಿ ‘ಣೇ’ ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ಣ-ಕಾರಕ್ಕೆ ಏತ್ವದ ಒಂದೇ ಸಂಕೇತ ಕೊಡಬಹುದು, ಇಲ್ಲವೇ ಎತ್ವ ಕೊಟ್ಟು ಪಕ್ಕದಲ್ಲಿ ದೀರ್ಘದ ಗುರುತನ್ನು ಬೇರೆಯಾಗಿ ಇಡಬಹುದು. ಚಿಕ್ಕಂದಿನಲ್ಲಿ ನಾವೆಲ್ಲ ‘ಎತ್ವ, ದೀರ್ಘ’ ಎಂದು ಕಾಗುಣಿತ ಒಪ್ಪಿಸಿದಂತೆ. ಪರದೆಯ ಮೇಲೆ ಎರಡೂ ಒಂದೇ. ಅನೇಕ ದತ್ತಸಂಚಯಗಳಿಗೆ ಅಕ್ಷರದ ಚಿತ್ರ ಗೊತ್ತಿಲ್ಲ, ಸಂಕೇತಗಳನ್ನಷ್ಟೇ ಹೋಲಿಸುತ್ತವೆ. ತಾಲ್ಲೂಕಿನ ಪಟ್ಟಿಯನ್ನು ಹಳೆಯ ಅಕ್ಷರಶೈಲಿಯ ಕಡತವೊಂದರಿಂದ ಪರಿವರ್ತಿಸಿದ್ದರು. ಅಲ್ಲಿ ದೀರ್ಘ ಬಿಡಿಯಾಗಿಯೇ ಇತ್ತು, ಪರಿವರ್ತಿಸಿದ ತಂತ್ರಾಂಶ ಹಾಗೆಯೇ ಬಿಟ್ಟಿತ್ತು. ಹಾವೇರಿಯಲ್ಲಿ ‘ವೇ’ ಇದೆ, ರಾಣೇಬೆನ್ನೂರಿನಲ್ಲಿ ‘ಣೇ’ ಇದೆ. ಬ್ಯಾಡಗಿಯಲ್ಲಿ ಏತ್ವವೇ ಇಲ್ಲ!

“ಪರೀಕ್ಷೆ ಮಾಡುವಾಗ ಪ್ರತಿ ಸಲ ನಮ್ಮೂರಿನ ಹೆಸರೇ ಕೊಟ್ಟಿದ್ದೆ ಸರ್” ಎಂದು ಹುಡುಗ ತಲೆ ಕೆರೆದುಕೊಂಡ.

ಎರಡು ರೂಪಗಳನ್ನು ಒಂದಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ. ಅದನ್ನು ಮೊದಲು ನಕಲಿನ ಮೇಲೆ ನಡೆಸಿ, ಎಷ್ಟು ಸಾಲು ಬದಲಾಗುತ್ತವೆಂದು ಎಣಿಸಿ, ನಂತರವೇ ನಿಜವಾದ ಮಾಹಿತಿಯನ್ನು ಸರಿಪಡಿಸಿದ. ಅವಸರದಲ್ಲಿ ಷರತ್ತು ಹಾಕುವುದನ್ನು ಮರೆತರೆ ಎಲ್ಲ ಮಕ್ಕಳ ತಾಲ್ಲೂಕೂ ಒಂದೇ ಆಗಿಬಿಡುತ್ತದಂತೆ! ಮುಂದಿನ ವರ್ಷದಿಂದ ಹುಡುಕಲು ಊರಿನ ಹೆಸರಿನ ಬದಲು ತಾಲ್ಲೂಕಿಗೊಂದು ಸಂಖ್ಯೆ ಎಂದೂ ನಿಶ್ಚಯಿಸಿದ. ಪರದೆಯ ಮೇಲಿನ ‘ಅರ್ಜಿ ಇಲ್ಲ’ ಎಂಬ ಮಾತನ್ನು ಮಾತ್ರ ನಾನು ಅಂದೇ ತೆಗೆಸಿದೆ. ‘ಸಿಗಲಿಲ್ಲ, ಈ ನಂಬರಿಗೆ ಫೋನ್ ಮಾಡಿ’ ಎಂದು ಬರೆಸಿದೆ.

ಎರಡು ಗಂಟೆಗೆ ಹುಡುಗಿಯ ಚೀಟಿ ಬಂತು. ತಂದೆ ಅರ್ಧ ದಿನದ ಕೂಲಿ ಬಿಟ್ಟು ಆಕೆಯನ್ನು ಹಾವೇರಿಗೆ ಕರೆತಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಬೆಳಿಗ್ಗೆ ಖಾಲಿ ಉತ್ತರ ಪಡೆದವರಲ್ಲಿ ಮೂವರು ಮತ್ತೆ ಹುಡುಕಿಯೇ ಇರಲಿಲ್ಲ. ‘ಇಲ್ಲ’ ಎಂದದ್ದನ್ನು ನಂಬಿ ಸುಮ್ಮನಾಗಿದ್ದರು. ಸಂಸ್ಥೆಯವರನ್ನು ಕೇಳಿಕೊಂಡು ಒಂದು ದಿನ ಹೆಚ್ಚುವರಿ ಪಡೆದೆವು. ಇಬ್ಬರು ಫೋನಿನಲ್ಲಿ ಸಿಕ್ಕರು. ಮೂರನೆಯವನ ಫೋನ್ ಬಂದ್ ಆಗಿತ್ತು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನೂ ಆ ಹುಡುಗನೂ ವಿಳಾಸದ ಚೀಟಿ ಹಿಡಿದು ಅವನ ಊರಿಗೆ ಹೊರಟೆವು.