ಯೂರೋಪಿನ ಬಳಕೆದಾರರಿಗೆ ಮೊಬೈಲ್ ಆ್ಯಪ್‌ಗಳಲ್ಲಿ ಪರ್ಯಾಯ ಪಾವತಿಯ ವ್ಯವಸ್ಥೆ

ಮೊಬೈಲ್ ಆ್ಯಪ್‌ಗಳ ಮೂಲಕ ನಡೆಯುವ ಮಾರಾಟದಲ್ಲಿ ಹಣವು ಯಾವ ದಾರಿಯಿಂದ ಯಾರ ಕೈ ಸೇರಬೇಕೆಂಬ ಪ್ರಶ್ನೆಯು ಮೇಲುನೋಟಕ್ಕೆ ವಾಣಿಜ್ಯಶಾಸ್ತ್ರದವರಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಆದರೆ ಈ ಪ್ರಶ್ನೆಯನ್ನು ಕುರಿತು ೨೦೧೯ರಿಂದ ಈಚೆಗೆ ಯೂರೋಪಿನಲ್ಲಿ ಎದ್ದ ವಿವಾದಗಳನ್ನೂ ಅವುಗಳಿಂದ ಹುಟ್ಟಿದ ಕಾನೂನನ್ನೂ ನೋಡಿದರೆ, ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಹಳೆಯ ಪ್ರಶ್ನೆಯೊಂದೇ ಇಲ್ಲಿ ಹೊಸ ರೂಪವನ್ನು ತಾಳಿದೆಯೆಂಬುದು ವ್ಯಕ್ತವಾಗುತ್ತದೆ. ದಾರಿಯ ಒಡೆಯನು ದಾರಿಹೋಕನಿಂದ ಸುಂಕವನ್ನೆತ್ತುವುದು ಯಾವ ಹಕ್ಕಿನಿಂದ, ದಾರಿಹೋಕನು ಬೇರೊಂದು ದಾರಿಯನ್ನು ಹಿಡಿದರೆ ಆ ಹಕ್ಕು ಉಳಿಯುವುದೆ, ಅಳಿಯುವುದೆ? ಪರ್ಯಾಯ ಪಾವತಿಯ ವಿಷಯದಲ್ಲಿ ಯೂರೋಪು ಎದುರಿಸಿದ ತೊಡಕೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯೋಣ. ಆಪಲ್ ಸಂಸ್ಥೆಯು ಐಫೋನಿಗಾಗಿ ಆ್ಯಪ್ ಸ್ಟೋರನ್ನು ತೆರೆದುದು ೨೦೦೮ರ ಜುಲೈ ತಿಂಗಳಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಮಾರ್ಕೆಟ್ ಬಂದಿತು. ೨೦೧೨ರಲ್ಲಿ ಅದು ಗೂಗಲ್ ಪ್ಲೇ ಎಂಬ ಹೆಸರನ್ನು ಪಡೆಯಿತು. ಆ್ಯಪ್ ಮಾರಿ ಬಂದ ಹಣದಲ್ಲಿ ನೂರಕ್ಕೆ ೩೦ರಷ್ಟು ಅಂಗಡಿಯ ಒಡೆಯನಿಗೆ, ೭೦ರಷ್ಟು ತಯಾರಕನಿಗೆ ಎಂಬುದು ಆಗ ಏರ್ಪಟ್ಟ ಕ್ರಮ. ೨೦೦೯ರಲ್ಲಿ ಆಪಲ್ ಸಂಸ್ಥೆಯು ಆ್ಯಪಿನ ಒಳಗಡೆಯೇ ವಸ್ತುಗಳನ್ನು ಮಾರುವ ಏರ್ಪಾಟನ್ನು ಮಾಡಿಕೊಟ್ಟಿತು. ಆ ಮಾರಾಟಕ್ಕೂ ಅದೇ ಪಾಲು ಅನ್ವಯಿಸಿತು. ಇದರ ಜೊತೆಗೆ ಒಂದು ಕಟ್ಟುಪಾಡೂ ಬಂದಿತು. ಆಟದೊಳಗಿನ ನಾಣ್ಯ, ಸಂಗೀತದ ಚಂದಾ, ವಿದ್ಯುನ್ಮಾನ ಪುಸ್ತಕ ಮೊದಲಾದ ಡಿಜಿಟಲ್ ಸರಕುಗಳನ್ನು ಆ್ಯಪಿನೊಳಗೆ ಮಾರುವವರು ಅಂಗಡಿಯ ಪಾವತಿ ವ್ಯವಸ್ಥೆಯನ್ನೇ ಬಳಸಬೇಕು. ಟ್ಯಾಕ್ಸಿಯ ಬಾಡಿಗೆ, ಹೋಟೆಲಿನ ಊಟ, ರೈಲಿನ ಟಿಕೆಟ್ಟು ಇವಕ್ಕೆ ಈ ಕಟ್ಟು ಇಲ್ಲ. ಕಾದಂಬರಿಯನ್ನು ಕಾಗದದಲ್ಲಿ ಮಾರಿದರೆ ಪಾಲು ಕೊಡಬೇಕಾಗಿಲ್ಲ, ತೆರೆಯ ಮೇಲೆ ಮಾರಿದರೆ ಕೊಡಬೇಕು. ಈ ಭೇದಕ್ಕೆ ತಕ್ಕ ತಾತ್ತ್ವಿಕ ಸಮರ್ಥನೆ ನಮಗೆ ಕಾಣದು. ಎಲ್ಲಿ ವಸೂಲಿ ಸುಲಭವೋ ಅಲ್ಲಿ ಸುಂಕ ನಿಂತಿತೆಂದು ಹೇಳುವುದೇ ಸರಿಯಾದೀತು. ೨೦೨೧ರಲ್ಲಿ ಎರಡು ಸಂಸ್ಥೆಗಳೂ ಸಣ್ಣ ತಯಾರಕರ ದರವನ್ನು ೧೫ಕ್ಕೆ ಇಳಿಸಿದುವು.

ಇಲ್ಲಿ ಯೂರೋಪಿನ ಹಳೆಯ ಸುಂಕವೊಂದನ್ನು ಜ್ಞಾಪಿಸಿಕೊಳ್ಳುವುದು ಪ್ರಯೋಜನಕರ. ಬಾಲ್ಟಿಕ್ ಸಮುದ್ರದಿಂದ ಉತ್ತರ ಸಮುದ್ರಕ್ಕೆ ಸಾಗುವ ಹಡಗುಗಳಿಗೆ ಡೆನ್ಮಾರ್ಕಿಗೂ ಸ್ವೀಡನ್ನಿಗೂ ನಡುವಣ ಓರೆಸುಂಡ್ ಜಲಸಂಧಿಯೇ ಹತ್ತಿರದ ದಾರಿ. ಪೊಮರೇನಿಯದ ಎರಿಕ್ ದೊರೆಯು ೧೪೨೯ರ ಸುಮಾರಿನಲ್ಲಿ ಇಲ್ಲಿ ಸುಂಕವನ್ನು ವಿಧಿಸಿದನು. ಸುಂಕದ ಕಟ್ಟೆಯಿದ್ದುದು ಹೆಲ್ಸಿಂಗರ್ ಪಟ್ಟಣದಲ್ಲಿ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಎಲ್ಸಿನೋರ್ ಇದೇ. ಮೊದಮೊದಲು ಹಡಗಿಗೆ ಇಷ್ಟೆಂದು ಇದ್ದುದು ಹದಿನಾರನೆಯ ಶತಮಾನದಲ್ಲಿ ಸರಕಿನ ಮೇಲಣ ಸುಂಕವಾಯಿತು. ನಾವಿಕನು ಬೆಲೆಯನ್ನು ಕಡಿಮೆ ಹೇಳಿ ತಪ್ಪಿಸಿಕೊಳ್ಳದಂತೆ, ಅವನು ಹೇಳಿದ ಬೆಲೆಗೇ ಸರಕನ್ನು ಕೊಂಡುಕೊಳ್ಳುವ ಹಕ್ಕನ್ನು ದೊರೆಯು ಇಟ್ಟುಕೊಂಡಿದ್ದನು. ಬಹು ಜಾಣತನದ ಉಪಾಯ. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಸಂಗತಿ. ಓರೆಸುಂಡನ್ನು ಬಿಟ್ಟು ದೊಡ್ಡ ಬೆಲ್ಟ್, ಚಿಕ್ಕ ಬೆಲ್ಟ್ ಎಂಬ ಇನ್ನೆರಡು ಜಲಮಾರ್ಗಗಳಿದ್ದುವು. ಆದರೆ ನ್ಯೂಬೋರ್ಗಿನಲ್ಲಿಯೂ ಫ್ರೆಡರೀಸಿಯದಲ್ಲಿಯೂ ಡೆನ್ಮಾರ್ಕಿನ ಅಧಿಕಾರಿಗಳು ಸುಂಕವನ್ನೆತ್ತುತ್ತಿದ್ದುದರಿಂದ, ಬಳಸುದಾರಿಯನ್ನು ಹಿಡಿದವನಿಗೆ ದಾರಿ ಬದಲಾಯಿತೇ ಹೊರತು ಸುಂಕ ತಪ್ಪಲಿಲ್ಲ.

ಆ್ಯಪ್‌ಗಳ ವಿಷಯದಲ್ಲಿ ನಡೆದುದೂ ಹೆಚ್ಚು ಕಡಮೆ ಹೀಗೆಯೇ. ಸ್ವೀಡನ್ನಿನಲ್ಲಿ ಹುಟ್ಟಿದ ಸಂಗೀತ ಸಂಸ್ಥೆಯಾದ ಸ್ಪಾಟಿಫೈ ೨೦೧೯ರ ಮಾರ್ಚಿಯಲ್ಲಿ ಐರೋಪ್ಯ ಆಯೋಗಕ್ಕೆ ಆಪಲ್ ಸಂಸ್ಥೆಯ ಮೇಲೆ ದೂರು ಕೊಟ್ಟಿತು. ಆ್ಯಪಿನ ಹೊರಗೆ ಚಂದಾ ಕಡಿಮೆ ಬೆಲೆಗೆ ದೊರೆಯುತ್ತದೆಂದು ಬಳಕೆದಾರನಿಗೆ ತಿಳಿಸುವುದಕ್ಕೂ ಆಪಲ್ ಅವಕಾಶ ಕೊಡುವುದಿಲ್ಲವೆಂಬುದು ದೂರಿನ ಒಂದು ಮುಖ್ಯಾಂಶ. ಅದು ತೀರ್ಮಾನವಾಗುವುದಕ್ಕೆ ಐದು ವರ್ಷಗಳೇ ಬೇಕಾದುವು. ೨೦೨೪ರ ಮಾರ್ಚ್ ೪ರಂದು ಆಯೋಗವು ೧೮೦ ಕೋಟಿ ಯೂರೋಗಳಿಗೆ ಮೀರಿದ ಜುಲ್ಮಾನೆಯನ್ನು ವಿಧಿಸಿತು. ಅಷ್ಟರೊಳಗೆ ನೆದರ್‌ಲೆಂಡ್ಸಿನ ಗ್ರಾಹಕ ಮತ್ತು ಮಾರುಕಟ್ಟೆ ಪ್ರಾಧಿಕಾರವು ಗೆಳೆತನ ಕೂಡಿಸುವ ಡೇಟಿಂಗ್ ಆ್ಯಪ್‌ಗಳ ಮಟ್ಟಿಗೆ ಬೇರೆ ಪಾವತಿ ವ್ಯವಸ್ಥೆಗೆ ಅವಕಾಶವಿರಬೇಕೆಂದು ೨೦೨೧ರಲ್ಲಿ ಆಜ್ಞೆ ಮಾಡಿತು. ಆಜ್ಞೆಯ ಪಾಲನೆ ಸರಿಯಾಗಿಲ್ಲವೆಂದು ಮರುವರ್ಷ ವಾರಕ್ಕೆ ೫೦ ಲಕ್ಷ ಯೂರೋಗಳಂತೆ ಜುಲ್ಮಾನೆ ಹಾಕುತ್ತ ಬಂದಿತು; ಅದು ೫ ಕೋಟಿಯ ಮಿತಿಯನ್ನು ಮುಟ್ಟಿತು. ಆಪಲ್ ಆಗ ಒಪ್ಪಿಕೊಂಡ ಕ್ರಮವು ಗಮನಾರ್ಹವಾದುದು: ಬೇರೆ ವ್ಯವಸ್ಥೆಯಿಂದ ಹಣ ಪಡೆಯಬಹುದು, ಆದರೆ ಕಮಿಷನ್ ೩೦ರ ಬದಲು ೨೭.

ಈ ಮೂರರ ವ್ಯತ್ಯಾಸವೇ ಗೂಗಲ್ ಸಂಸ್ಥೆಯ ಕ್ರಮದಲ್ಲಿಯೂ ಕಾಣಿಸಿಕೊಂಡಿತು. ೨೦೨೨ರ ಜುಲೈಯಲ್ಲಿ ಅದು ಐರೋಪ್ಯ ಆರ್ಥಿಕ ವಲಯದ ಬಳಕೆದಾರರಿಗೆ, ಎಂದರೆ ಒಕ್ಕೂಟದ ೨೭ ರಾಷ್ಟ್ರಗಳಲ್ಲಿಯೂ ಐಸ್‌ಲೆಂಡ್, ನಾರ್ವೆ, ಲೀಕ್ಟನ್‌ಸ್ಟೈನ್‌ಗಳಲ್ಲಿಯೂ ಇರುವವರಿಗೆ, ಆಟಗಳಲ್ಲದ ಆ್ಯಪ್‌ಗಳ ತಯಾರಕರು ಬೇರೆ ಪಾವತಿ ವ್ಯವಸ್ಥೆಯನ್ನು ಒದಗಿಸಬಹುದೆಂದು ಪ್ರಕಟಿಸಿತು. ೨೦೨೪ರಲ್ಲಿ ಆಟಗಳಿಗೂ ಈ ಅನುಕೂಲ ದೊರೆಯಿತು. ಹಾಗೆ ಪಡೆದ ಹಣದ ಮೇಲೆ ಸೇವಾಶುಲ್ಕವು ನೂರಕ್ಕೆ ೩ರಷ್ಟು ಕಡಿಮೆಯಾಗುತ್ತಿತ್ತು. ೧೫ ಕೊಡುತ್ತಿದ್ದವನು ೧೨ ಕೊಡಬೇಕು. ದರಗಳು ಆಮೇಲೆ ಬದಲಾಗಿರುವುದರಿಂದ ಇವನ್ನು ಆಯಾ ವರ್ಷದ ದರಗಳೆಂದೇ ಓದುಗರು ತಿಳಿಯಬೇಕು.

ಲೆಕ್ಕವೊಂದನ್ನು ಮಾಡಿ ನೋಡೋಣ. ತಿಂಗಳಿಗೆ ೧೦ ಯೂರೋ ಚಂದಾದಲ್ಲಿ ತಯಾರಕನು ಮೊದಲು ಕೊಡುತ್ತಿದ್ದುದು ೧ ಯೂರೋ ೫೦ ಸೆಂಟು. ಪರ್ಯಾಯ ವ್ಯವಸ್ಥೆಯಲ್ಲಿ ೧ ಯೂರೋ ೨೦ ಸೆಂಟು. ಉಳಿದುದು ೩೦ ಸೆಂಟು. ಇದರಿಂದಲೇ ಅವನು ಹಣವನ್ನು ವಸೂಲು ಮಾಡಿಕೊಡುವ ಹೊರಗಿನ ಸಂಸ್ಥೆಯ ಶುಲ್ಕವನ್ನು ತೆರಬೇಕು. ಅಂಥ ಸಂಸ್ಥೆಗಳು ಸಾಮಾನ್ಯವಾಗಿ ಒಂದು ಶೇಕಡಾ ಪ್ರಮಾಣವನ್ನೂ ಪ್ರತಿ ವ್ಯವಹಾರಕ್ಕೆ ಕೆಲವು ಸೆಂಟುಗಳ ನಿಶ್ಚಿತ ಮೊತ್ತವನ್ನೂ ತೆಗೆದುಕೊಳ್ಳುತ್ತವೆ. ನಿಶ್ಚಿತ ಮೊತ್ತವು ೨೦ ಸೆಂಟೆಂದು ಇಟ್ಟುಕೊಂಡರೆ, ೧೦ ಯೂರೋ ಚಂದಾದಲ್ಲಿ ಉಳಿತಾಯವು ಬಹುಮಟ್ಟಿಗೆ ಕರಗುತ್ತದೆ. ೧ ಯೂರೋವಿನ ಮಾರಾಟದಲ್ಲಿಯಾದರೋ ೩ ಸೆಂಟು ಉಳಿಸಹೋಗಿ ೨೦ ಸೆಂಟಿಗೂ ಹೆಚ್ಚು ಕಳೆದುಕೊಂಡಂತಾಗುತ್ತದೆ. ಬಾಗಿಲು ತೆರೆದಿದ್ದರೂ ಅದರಲ್ಲಿ ಹೋಗುವವರು ವಿರಳವಾಗುವುದಕ್ಕೆ ಈ ಲೆಕ್ಕವೇ ಸಾಕಾದ ಕಾರಣ.

ಹಾಗಾದರೆ ಉಳಿದ ೧೨ ಅಥವಾ ೨೭ ಯಾವುದರ ಬೆಲೆ? ಪಾವತಿಯ ಬೆಲೆಯಂತೂ ಅಲ್ಲ. ಐರೋಪ್ಯ ಒಕ್ಕೂಟವು ೨೦೧೫ರ ನಿಯಮವೊಂದರಿಂದ ಕಾರ್ಡಿನ ವ್ಯವಹಾರದಲ್ಲಿ ಬ್ಯಾಂಕು ಬ್ಯಾಂಕಿಗೆ ಕೊಡುವ ಶುಲ್ಕವನ್ನು, ವೈಯಕ್ತಿಕ ಡೆಬಿಟ್ ಕಾರ್ಡಿಗೆ ನೂರಕ್ಕೆ ೦.೨ಕ್ಕೂ ಕ್ರೆಡಿಟ್ ಕಾರ್ಡಿಗೆ ೦.೩ಕ್ಕೂ ಮಿತಿಗೊಳಿಸಿತ್ತು. ಇದು ಪಾವತಿಯ ಒಟ್ಟು ವೆಚ್ಚವಲ್ಲವಾದರೂ ಅದರ ಪ್ರಮಾಣವನ್ನು ಸೂಚಿಸುತ್ತದೆ. ಅಂಗಡಿಯ ಒಡೆಯರ ಉತ್ತರವೇನೆಂದರೆ, ಕಮಿಷನ್ನು ಅಂಗಡಿ, ಉಪಕರಣಗಳು, ಸುರಕ್ಷತೆಯ ತಪಾಸಣೆ, ಕೋಟ್ಯಂತರ ಬಳಕೆದಾರರ ಸಂಪರ್ಕ ಇವೆಲ್ಲಕ್ಕೂ ಸಲ್ಲುವ ಪ್ರತಿಫಲ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಡೆನ್ಮಾರ್ಕಿನ ದೊರೆಯು ಜಲಸಂಧಿಯನ್ನು ತಾನು ತೋಡಿಸಿರಲಿಲ್ಲ. ಈ ಸಂಸ್ಥೆಗಳಾದರೋ ದಾರಿಯನ್ನು ತಾವೇ ಕಟ್ಟಿವೆ. ಆದರೆ ಪ್ರತಿಫಲವು ಎಷ್ಟಿರಬೇಕೆಂಬುದನ್ನು ಕಟ್ಟಿದವರೇ ನಿಶ್ಚಯಿಸುವುದಾದರೆ, ತಯಾರಕನ ಅಹವಾಲು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಸರಿ.

ಈ ಸ್ಥಿತಿಯನ್ನು ಬದಲಿಸಲೆಂದು ಬಂದುದೇ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆ. ೨೦೨೨ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾದ ಈ ಕಾಯಿದೆಯು ದೊಡ್ಡ ಸಂಸ್ಥೆಗಳನ್ನು ‘ದ್ವಾರಪಾಲಕರು’ ಎಂದು ಕರೆಯುತ್ತದೆ. ಒಕ್ಕೂಟದೊಳಗೆ ತಿಂಗಳಿಗೆ ೪.೫ ಕೋಟಿ ಬಳಕೆದಾರರೂ ವರ್ಷಕ್ಕೆ ೧೦,೦೦೦ ವ್ಯಾಪಾರಿ ಬಳಕೆದಾರರೂ ಇರುವುದು ಅದರ ಅಳತೆಗೋಲುಗಳಲ್ಲಿ ಮುಖ್ಯವಾದುದು. ೨೦೨೩ರ ಸೆಪ್ಟೆಂಬರಿನಲ್ಲಿ ಆರು ಸಂಸ್ಥೆಗಳನ್ನು ಹೀಗೆ ಹೆಸರಿಸಲಾಯಿತು. ಆಪಲ್ ಸಂಸ್ಥೆಯೂ ಗೂಗಲಿನ ಒಡೆಯನಾದ ಆಲ್ಫಬೆಟ್ ಸಂಸ್ಥೆಯೂ ಅವುಗಳಲ್ಲಿ ಸೇರಿದುವು. ೨೦೨೪ರ ಮಾರ್ಚ್ ೭ರಿಂದ ಅವು ಕಾಯಿದೆಗೆ ಬದ್ಧವಾದುವು. ತಪ್ಪಿದರೆ ಜಗತ್ತಿನಾದ್ಯಂತ ಬಂದ ವಾರ್ಷಿಕ ವಹಿವಾಟಿನ ನೂರಕ್ಕೆ ೧೦ರವರೆಗೆ ಜುಲ್ಮಾನೆ.

ನಮ್ಮ ವಿಷಯಕ್ಕೆ ಸಂಬಂಧಿಸಿದ ಮಾತು ಐದನೆಯ ವಿಧಿಯಲ್ಲಿದೆ. ಅದರ ಏಳನೆಯ ಉಪವಿಧಿಯ ಪ್ರಕಾರ ದ್ವಾರಪಾಲಕನು ತನ್ನ ಪಾವತಿ ಸೇವೆಯನ್ನೇ ಬಳಸಬೇಕೆಂದು ಯಾರನ್ನೂ ನಿರ್ಬಂಧಿಸಕೂಡದು. ನಾಲ್ಕನೆಯ ಉಪವಿಧಿಯು, ತಯಾರಕರು ಹೊರಗಿನ ಬೆಲೆಗಳನ್ನು ಬಳಕೆದಾರರಿಗೆ ತಿಳಿಸುವುದಕ್ಕೂ ಅವರೊಡನೆ ಕರಾರು ಮಾಡಿಕೊಳ್ಳುವುದಕ್ಕೂ ‘ಉಚಿತವಾಗಿ’ ಅವಕಾಶವಿರಬೇಕೆಂದು ವಿಧಿಸುತ್ತದೆ. ಶಾಸನವನ್ನು ಓದಿ ಅಭ್ಯಾಸವಿದ್ದವರು ಈ ಒಂದು ಪದದ ಬಳಿ ನಿಲ್ಲದೆ ಇರಲಾರರು. ಉಚಿತವಾದುದು ತಿಳಿಸುವುದು ಮಾತ್ರವೆ, ಅದರಿಂದ ಕುದುರಿದ ವ್ಯಾಪಾರವೂ ಹೌದೆ? ಪಾವತಿಯ ಉಪವಿಧಿಯಲ್ಲಿ ಈ ಪದವಿಲ್ಲ. ಅಂಗಡಿಯ ಷರತ್ತುಗಳು ನ್ಯಾಯವೂ ಯುಕ್ತವೂ ಭೇದರಹಿತವೂ ಆಗಿರಬೇಕೆಂದು ಆರನೆಯ ವಿಧಿ ಹೇಳುವುದಾದರೂ ದರವನ್ನು ಅದು ಗೊತ್ತುಮಾಡುವುದಿಲ್ಲ. ಪಾವತಿಯ ಬಾಗಿಲನ್ನು ತೆರೆಸಿದ ಕಾನೂನು ಸುಂಕವನ್ನು ಮುಟ್ಟಲಿಲ್ಲವೆಂದು ನಾವು ಹೇಳುವುದು ಈ ಅರ್ಥದಲ್ಲಿ.

ಆಪಲ್ ಸಂಸ್ಥೆಯು ೨೦೨೪ರಲ್ಲಿ ತಂದ ಷರತ್ತುಗಳು ಇದಕ್ಕೆ ನಿದರ್ಶನ. ಹೊಸ ಷರತ್ತನ್ನು ಒಪ್ಪಿದವರಿಗೆ ಕಮಿಷನ್ ೧೭ಕ್ಕೆ, ಸಣ್ಣವರಿಗೆ ೧೦ಕ್ಕೆ ಇಳಿಯಿತು. ಆಪಲಿನ ಪಾವತಿ ವ್ಯವಸ್ಥೆ ಬೇಕಾದವರು ಅದಕ್ಕೆ ಪ್ರತ್ಯೇಕವಾಗಿ ೩ ಕೊಡಬೇಕು. ಅಲ್ಲಿಗೆ ಪಾವತಿಗೂ ದಾರಿಗೂ ಬೇರೆಬೇರೆ ಬೆಲೆಯೆಂಬುದು ಬರಹದಲ್ಲಿಯೇ ಸ್ಪಷ್ಟವಾಯಿತು. ಆದರೆ ವರ್ಷಕ್ಕೆ ೧೦ ಲಕ್ಷಕ್ಕಿಂತ ಹೆಚ್ಚು ಸಲ ಸ್ಥಾಪಿತವಾದ ಆ್ಯಪಿನ ಒಂದೊಂದು ಹೆಚ್ಚಿನ ಸ್ಥಾಪನೆಗೂ ೫೦ ಸೆಂಟಿನ ಹೊಸ ಶುಲ್ಕವೂ ಅದರೊಡನೆ ಬಂದಿತು. ಅದೇ ವರ್ಷದ ಜೂನಿನಲ್ಲಿ ಆಯೋಗವು ತನ್ನ ಪ್ರಾಥಮಿಕ ಅಭಿಪ್ರಾಯವನ್ನು ತಿಳಿಸುತ್ತ, ಹೊಸ ಗ್ರಾಹಕನನ್ನು ಮೊದಲ ಸಲ ದೊರಕಿಸಿಕೊಟ್ಟುದಕ್ಕೆ ಅಂಗಡಿಯು ಪ್ರತಿಫಲ ಪಡೆಯಬಹುದು, ಆದರೆ ಈಗ ಪಡೆಯುತ್ತಿರುವುದು ಅಗತ್ಯಕ್ಕೆ ಮೀರಿದುದು ಎಂದಿತು. ೨೦೨೫ರ ಏಪ್ರಿಲಿನಲ್ಲಿ ಹೊರಗಿನ ಬೆಲೆ ತಿಳಿಸುವುದಕ್ಕೆ ಅಡ್ಡಿಮಾಡಿದ ಬಗ್ಗೆ ಆಪಲ್ ಸಂಸ್ಥೆಗೆ ೫೦ ಕೋಟಿ ಯೂರೋ ಜುಲ್ಮಾನೆಯಾಯಿತು. ಜೂನಿನಲ್ಲಿ ಅದು ಶುಲ್ಕಗಳನ್ನು ಮತ್ತೆ ಮಾರ್ಪಡಿಸಿತು. ಓರೆಸುಂಡಿನ ಸುಂಕವಾದರೋ ೧೮೫೭ರ ಕೋಪನ್‌ಹೇಗನ್ ಒಪ್ಪಂದದಿಂದ ನಿಂತಿತು. ಆಗ ವ್ಯಾಪಾರಿ ರಾಷ್ಟ್ರಗಳು ಡೆನ್ಮಾರ್ಕಿಗೆ ಒಟ್ಟು ಪರಿಹಾರವನ್ನು ಕೊಟ್ಟುವು. ಆ್ಯಪ್‌ಗಳ ವಿಷಯದಲ್ಲಿ ಅಂಥ ಒಂದು ಇತ್ಯರ್ಥವನ್ನು ಯಾರೂ ಸೂಚಿಸಿದಂತೆ ತೋರದು.

ದರವನ್ನು ಬಿಟ್ಟರೂ ಪರ್ಯಾಯ ವ್ಯವಸ್ಥೆಯನ್ನು ಆರಿಸಿಕೊಂಡವನು ಹೊರಬೇಕಾದ ಹೊರೆ ಸಣ್ಣದಲ್ಲ. ೨೦೧೫ರಿಂದ ಡಿಜಿಟಲ್ ಸರಕಿನ ಮೌಲ್ಯವರ್ಧಿತ ತೆರಿಗೆಯನ್ನು ಕೊಳ್ಳುವವನಿರುವ ದೇಶದ ದರದಲ್ಲಿಯೇ ಕೊಡಬೇಕು. ಲಕ್ಸೆಂಬರ್ಗಿನಲ್ಲಿ ೧೭, ಹಂಗೆರಿಯಲ್ಲಿ ೨೭. ಅಂಗಡಿಯ ಮೂಲಕ ಮಾರಿದಾಗ ಈ ಲೆಕ್ಕವನ್ನು ಸಾಮಾನ್ಯವಾಗಿ ಅಂಗಡಿಯೇ ನೋಡಿಕೊಳ್ಳುತ್ತದೆ; ತಾನೇ ಹಣ ಪಡೆದರೆ ತಯಾರಕನೇ ನೋಡಿಕೊಳ್ಳಬೇಕು. ಹಣ ಹಿಂದಿರುಗಿಸುವುದು, ವಂಚನೆಯ ವಿಚಾರಣೆ, ಪಾವತಿದಾರನ ಗುರುತನ್ನು ಎರಡು ಬಗೆಯಿಂದ ದೃಢಪಡಿಸಿಕೊಳ್ಳುವ ನಿಯಮ ಇವೂ ಅವನ ಪಾಲಿಗೇ ಬರುತ್ತವೆ. ಬಳಕೆದಾರನಿಗೂ ನಷ್ಟವುಂಟು: ಎಲ್ಲ ಚಂದಾಗಳನ್ನೂ ಒಂದೇ ಕಡೆ ನೋಡಿ ರದ್ದುಮಾಡುವ ಸೌಕರ್ಯವೂ ಮಕ್ಕಳ ಖರ್ಚನ್ನು ತಂದೆತಾಯಿಗಳು ತಡೆಯುವ ಏರ್ಪಾಟೂ ಹೊರಗಿನ ವ್ಯವಸ್ಥೆಯಲ್ಲಿ ಇರಲೇಬೇಕೆಂದಿಲ್ಲ.

ಲಾಭವಿರುವುದು ಬೇರೊಂದು ಕಡೆ. ಯೂರೋಪಿನ ಜನ ಹಣ ಕೊಡುವ ರೂಢಿ ದೇಶದಿಂದ ದೇಶಕ್ಕೆ ಬೇರೆ. ನೆದರ್‌ಲೆಂಡ್ಸಿನಲ್ಲಿ ೨೦೦೫ರಿಂದ ಐಡೀಲ್, ಬೆಲ್ಜಿಯಮ್ಮಿನಲ್ಲಿ ಬ್ಯಾನ್‌ಕಾಂಟ್ಯಾಕ್ಟ್, ಸ್ವೀಡನ್ನಿನಲ್ಲಿ ಸ್ವಿಷ್, ಪೋಲೆಂಡಿನಲ್ಲಿ ಬ್ಲಿಕ್, ಸ್ಪೇನಿನಲ್ಲಿ ಬಿಜುಮ್ ಎಂಬ ಬ್ಯಾಂಕು ಆಧಾರದ ಕ್ರಮಗಳು ಬೇರೂರಿವೆ. ತನ್ನ ಗ್ರಾಹಕರು ನೆಚ್ಚಿದ ಕ್ರಮವನ್ನೇ ಒದಗಿಸಬಲ್ಲ ತಯಾರಕನಿಗೆ ಶುಲ್ಕದ ಮೂರಕ್ಕಿಂತ ಗ್ರಾಹಕನೊಡನೆ ಉಂಟಾಗುವ ನೇರವಾದ ಸಂಬಂಧವೇ ಹೆಚ್ಚು ಬೆಲೆಯುಳ್ಳದು. ಅವನ ಗ್ರಾಹಕರು ಯಾರೆಂದು ಅಂಗಡಿಗೆ ಗೊತ್ತಿದ್ದು ಅವನಿಗೇ ಗೊತ್ತಿಲ್ಲದಿರುವ ಸ್ಥಿತಿಯು ಇದರಿಂದ ತಪ್ಪುತ್ತದೆ.

ಈ ನಿಯಮಗಳು ಅನ್ವಯಿಸುವುದು ಬಳಕೆದಾರನಿರುವ ದೇಶವನ್ನು ನೋಡಿ, ತಯಾರಕನಿರುವ ದೇಶವನ್ನು ನೋಡಿ ಅಲ್ಲ. ಆದುದರಿಂದ ಬೆಂಗಳೂರಿನಲ್ಲಿ ಕುಳಿತು ಜರ್ಮನಿಯ ಓದುಗರಿಗೆ ಚಂದಾ ಮಾರುವವರಿಗೂ ಇವುಗಳ ಸಂಬಂಧವುಂಟು. ಒಕ್ಕೂಟದ ಯಾವುದಾದರೊಂದು ರಾಷ್ಟ್ರದಲ್ಲಿ ಹೆಸರು ದಾಖಲಿಸಿ ಎಲ್ಲ ರಾಷ್ಟ್ರಗಳ ತೆರಿಗೆಯನ್ನೂ ಅಲ್ಲಿಯೇ ಸಲ್ಲಿಸುವ ಅವಕಾಶ ಅವರಿಗಿದೆ. ನಮ್ಮ ದೇಶದಲ್ಲಿಯೂ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರ್ ೨೫ರಂದು ಪಾವತಿಯ ನಿರ್ಬಂಧದ ವಿಷಯದಲ್ಲಿ ಗೂಗಲಿಗೆ ೯೩೬.೪೪ ಕೋಟಿ ರೂಪಾಯಿ ದಂಡ ವಿಧಿಸಿತು; ೨೦೨೫ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಲಿಯು ಅದನ್ನು ಸುಮಾರು ೨೧೬ ಕೋಟಿಗೆ ಇಳಿಸಿತು. ಆಯೋಗದ ಆಜ್ಞೆಯ ಅನಂತರ ಗೂಗಲ್ ಭಾರತದಲ್ಲಿ ಬಳಕೆದಾರನು ಬೇರೆ ಪಾವತಿಯನ್ನು ಆರಿಸಿಕೊಂಡಾಗ ಶುಲ್ಕದಲ್ಲಿ ಕಡಿಮೆ ಮಾಡಿದುದು ನೂರಕ್ಕೆ ೪. ಹೀಗೆ ಅದೇ ತಯಾರಕನ ಅದೇ ಆ್ಯಪಿಗೆ ಆಗ ಮೈಸೂರಿನ ಓದುಗನ ಲೆಕ್ಕದಲ್ಲಿ ೧೧, ಮ್ಯೂನಿಕ್ಕಿನ ಓದುಗನ ಲೆಕ್ಕದಲ್ಲಿ ೧೨ ಸಲ್ಲುತ್ತಿತ್ತು.