ನಿಮಗಿದು ಗೊತ್ತೇ? ಮೂರು ಪಾಳಿಯ ಊರಿನ ರಾತ್ರಿಯೂಟ

ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ ಒಮ್ಮೆ ಬೆಂಕಿ ಕೊಟ್ಟರೆ ವರ್ಷಗಟ್ಟಲೆ ಆರಿಸುವಂತಿಲ್ಲ. ತಣ್ಣಗಾದರೆ ಒಳಗೆ ಕರಗಿದ್ದೆಲ್ಲ ಗಟ್ಟಿಯಾಗಿ ಕೂತುಬಿಡುತ್ತದೆ. ಬಳ್ಳಾರಿ ಸೀಮೆಯ ಉಕ್ಕಿನ ಊರಾದ ತೋರಣಗಲ್ಲಿನ ಮನೆಗಳಲ್ಲಿ ಯಾರು ಎಷ್ಟು ಹೊತ್ತಿಗೆ ಉಣ್ಣಬೇಕೆಂದು ಗೊತ್ತುಮಾಡುವುದು ಈ ಕುಲುಮೆಯೇ. ಮಧ್ಯಾಹ್ನದ ಬಿ ಶಿಫ್ಟ್ ಮುಗಿಸಿದವರು ಮನೆ ಸೇರುವಾಗ ರಾತ್ರಿ ಹತ್ತೂವರೆ ದಾಟಿರುತ್ತದೆ. ರಾತ್ರಿಯ ಸಿ ಶಿಫ್ಟಿಗೆ ಹೊರಡುವವರು ಎಂಟೂವರೆಗೆ ಉಂಡು ಮುಗಿಸಿರಬೇಕು. ಮಕ್ಕಳಿಗೆ ಏಳಕ್ಕೇ ಹಸಿವು. ಆದ್ದರಿಂದ ಇಲ್ಲಿ ಯಾವ ಅಡುಗೆಗಾದರೂ ಮೊದಲ ಪರೀಕ್ಷೆ ಒಂದೇ: ಏಳಕ್ಕೆ ಇಳಿಸಿದ್ದು ಹತ್ತೂವರೆಗೂ ಬಾಯಿಗೆ ರುಚಿಸಬೇಕು. ಬಳ್ಳಾರಿ ಸೀಮೆಯ ಹಳೆಯ ಊಟ ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಒಣಗಿದ್ದು ಡಬ್ಬಿಯಲ್ಲಿ ಸದಾ ಇರಲಿ, ಬಿಸಿಯದು ದಿನಕ್ಕೆ ಒಂದೇ ಇರಲಿ. ವಾರದ ಅಡುಗೆಗೆ ಇದಕ್ಕಿಂತ ಒಳ್ಳೆಯ ಯೋಜನೆಯನ್ನು ನಾನು ಕಂಡಿಲ್ಲ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಅದರಲ್ಲಿ ಗ್ಲುಟೆನ್ ಇರುವುದೇ ಇಲ್ಲ. ಆದರೂ ರೊಟ್ಟಿ ಹರಿಯದೆ ಅಗಲವಾಗುವುದು ಕುದಿನೀರಿನಿಂದ. ಬಿಸಿ ತಾಗಿದೊಡನೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟೇ ಹಿಟ್ಟನ್ನು ಹಿಡಿದಿಡುತ್ತದೆ. ತಣ್ಣೀರಲ್ಲಿ ಕಲಸಿದ ಹಿಟ್ಟು ತಟ್ಟುವಾಗ ಅಂಚಿನಿಂದ ಸೀಳುವುದು ಇದೇ ಕಾರಣಕ್ಕೆ. ರೊಟ್ಟಿ ಹಂಚಿನ ಮೇಲಿರುವಾಗ ಮೇಲುಗಡೆ ನೀರು ಸವರುವುದೂ ಸುಮ್ಮನೆ ಅಲ್ಲ. ತಟ್ಟುವಾಗ ಉದುರಿಸಿದ ಹಿಟ್ಟು ತೊಳೆದುಹೋಗುತ್ತದೆ, ಮೇಲ್ಮೈ ಒಣಗಿ ಬಿರಿಯುವುದಿಲ್ಲ, ಒಳಗಿನ ಹಬೆ ರೊಟ್ಟಿಯನ್ನು ಉಬ್ಬಿಸುತ್ತದೆ.

ಅದೇ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ತೇವವೆಲ್ಲ ಆರುವ ತನಕ ಒಣಗಿಸಿದರೆ ಕಡಕ್ ರೊಟ್ಟಿ. ಬೂಷ್ಟು ಬೆಳೆಯಲು ನೀರು ಬೇಕು, ಇಲ್ಲಿ ನೀರೇ ಇರದ ಕಾರಣ ವಾರಗಟ್ಟಲೆ ಕೆಡುವುದಿಲ್ಲ. ರಜೆಯ ದಿನ ಮನೆಯಲ್ಲೇ ಒಂದು ಅಡಕಲು ಮಾಡಿಟ್ಟರೂ ಸರಿ, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ತಂದರೂ ಸರಿ, ವಾರದ ಐದು ರಾತ್ರಿಯ ಅರ್ಧ ಕೆಲಸ ಮುಗಿದಂತೆ. ದುಡಿದು ದಣಿದ ಹೆಣ್ಣುಮಗಳು ರಾತ್ರಿ ಒಂಬತ್ತಕ್ಕೆ ಮತ್ತೆ ರೊಟ್ಟಿ ಬಡಿಯಬೇಕೆಂದು ಯಾರೂ ಬಯಸಬಾರದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೇ ಹೊಟ್ಟೆ ಚುರುಗುಟ್ಟಬಾರದೆಂದರೆ ಅನ್ನದ ಜೊತೆ ಒಂದಾದರೂ ರೊಟ್ಟಿ ಇರಬೇಕೆಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.

ಶೇಂಗಾದ ತೂಕದಲ್ಲಿ ಹೆಚ್ಚುಕಮ್ಮಿ ಕಾಲುಭಾಗ ಪ್ರೋಟೀನು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಮೇಲೊಂದಿಷ್ಟು ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ: ಪಲ್ಯ ಮಾಡಲಾಗದ ರಾತ್ರಿಯಲ್ಲೂ ತಟ್ಟೆ ಬಡವಾಗುವುದಿಲ್ಲ. ಆದರೆ ಅಗಸಿಯ ಎಣ್ಣೆ ಬೇಗ ಕಮಟುತ್ತದೆ. ಆ ಪುಡಿಯನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳಿ.

ಹೆಸರುಕಾಳು, ಮಡಕೆಕಾಳು ನೆನೆಯಲು ಬೇಕಾದದ್ದು ಸುಮಾರು ಎಂಟು ತಾಸು, ಅಂದರೆ ಸರಿಯಾಗಿ ಒಂದು ಪಾಳಿ. ಬೆಳಗಿನ ಎ ಶಿಫ್ಟಿಗೆ ಹೋಗುವಾಗ ನೀರಿಗೆ ಹಾಕಿ, ಬಂದಮೇಲೆ ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ರಾತ್ರಿಗೆ ಮೊಳಕೆ ಸಿದ್ಧ. ನಮ್ಮ ಬೇಸಿಗೆಯ ಬಿಸಿಗೆ ಮೊಳಕೆ ಇನ್ನೂ ಬೇಗ ಒಡೆಯುತ್ತದೆ. ಹುಳಿವಾಸನೆ ಬರುವ ಮುಂಚೆ ಫ್ರಿಜ್ಜಿಗೆ ಸೇರಿಸಬೇಕು.

ಬ್ಯಾಳಿ ಬೇಯುತ್ತಿಲ್ಲವೇ? ತಪ್ಪು ಕಿರಾಣಿ ಅಂಗಡಿಯವರದೇ ಆಗಿರಬೇಕಿಲ್ಲ. ಬೋರಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬ್ಯಾಳಿ, ಕಾಳು ಮೆದುವಾಗಲು ಬಿಡುವುದಿಲ್ಲ. ನೆನೆಹಾಕುವ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಕಾಳು ಬೇಗ ಬೇಯುತ್ತದೆ. ಹುಣಸೆಹುಳಿ, ಟೊಮೆಟೊ ಮಾತ್ರ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಎಷ್ಟು ಸೀಟಿ ಕೂಗಿದರೂ ಬ್ಯಾಳಿ ಕರಗದು. ಕುಕ್ಕರಿನೊಳಗೆ ನೀರಿನ ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಒಲೆ ಆರಿಸಿದ ಮೇಲೂ ಒತ್ತಡ ಇಳಿಯುವ ತನಕ ಬೇಯುವುದು ನಿಲ್ಲುವುದಿಲ್ಲ. ಸೀಟಿ ಎತ್ತಿ ಹಬೆ ಬಿಡುವವರು ದುಡ್ಡು ಕೊಟ್ಟು ತಂದ ಗ್ಯಾಸನ್ನೇ ಗಾಳಿಗೆ ಬಿಟ್ಟಂತೆ.

ಹುರುಳಿ ಒಂದೇ ಸಲ ಬೇಯಿಸಿ ಎರಡು ಅಡುಗೆ ಕೊಡುವ ಕಾಳು. ಬಸಿದ ಕಟ್ಟು ಸಾರಿಗೆ, ಉಳಿದ ಕಾಳು ಪಲ್ಯಕ್ಕೆ. ಸಾರು ಮರುದಿನ ಇನ್ನೂ ಕಳೆಗಟ್ಟುತ್ತದೆ. ಹೀಗಾಗಿ ಸೋಮವಾರದ ಹುರುಳಿಯನ್ನು ಮಂಗಳವಾರಕ್ಕೂ ಧೈರ್ಯವಾಗಿ ಲೆಕ್ಕ ಹಿಡಿಯಬಹುದು.

ಇನ್ನು ಅಕ್ಕಿಯ ಮಾತು. ಹೊಸಪೇಟೆ, ಹಂಪಿ ಬದಿಯ ಗದ್ದೆಗೆ ನೀರುಣಿಸುವ ರಾಯ, ಬಸವಣ್ಣ, ತುರ್ತು ಕಾಲುವೆಗಳು ವಿಜಯನಗರದ ಅರಸರ ಕಾಲದವು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆ ಬಂದಮೇಲೆ ಅಕ್ಕಿಯ ಸೀಮೆ ಇನ್ನಷ್ಟು ಹರಡಿತು. ಸೋನಾ ಮಸೂರಿಯ ಚೀಲ ಕೊಳ್ಳುವಾಗ ಹಳೇ ಅಕ್ಕಿ ಕೇಳಿ. ಅದು ಹೆಚ್ಚು ನೀರು ಕುಡಿದು ಚೆನ್ನಾಗಿ ಒದಗುತ್ತದೆ, ಅನ್ನವೂ ಉದುರುದುರಾಗಿ ಬರುತ್ತದೆ. ಜೊತೆಗೆ ಒಂದಿಷ್ಟು ನುಚ್ಚಕ್ಕಿಯನ್ನೂ ತನ್ನಿ. ಬೆಲೆ ಕಡಿಮೆ, ಬೇಯುವುದೂ ಬೇಗ. ಹೆಸರುಬೇಳೆ, ಮೆಣಸು, ಜೀರಿಗೆ ಹಾಕಿ ಖಾರದ ಹುಗ್ಗಿ ಮಾಡಿದರೆ ಜ್ವರದಿಂದ ಎದ್ದ ಮಗುವೂ ಉಣ್ಣುತ್ತದೆ, ಹತ್ತೂವರೆಗೆ ಬಂದವರೂ ಉಣ್ಣುತ್ತಾರೆ. ಗಟ್ಟಿಯಾಗಿದ್ದರೆ ಒಂದು ಲೋಟ ಬಿಸಿನೀರು ಬೆರೆಸಿದರೆ ಆಯಿತು.

ಉಳಿದ ಅನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಬಳ್ಳಾರಿಯ ಸೆಕೆಯಲ್ಲಿ ರಾತ್ರಿಯಿಡೀ ಪಾತ್ರೆಯಲ್ಲೇ ಬಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಉಗುಳಬಹುದು. ಆ ವಿಷ ಒಗ್ಗರಣೆಯ ಬಿಸಿಗೂ ನಾಶವಾಗದು. ಬೆಳಿಗ್ಗೆಯ ಚಿತ್ರಾನ್ನಕ್ಕೆ ಅನ್ನ ಉಳಿಸುವುದಾದರೆ ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ತಡವಾಗಿ ಬರುವವರ ಪಾಲಿಗೂ ಇದೇ ನಿಯಮ.

ಮಂಡಕ್ಕಿ ಆಗಲೇ ಬೆಂದ ಅಕ್ಕಿ. ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಹತ್ತು ನಿಮಿಷದಲ್ಲಿ ಊಟ. ಹೊಸಪೇಟೆ, ಬಳ್ಳಾರಿಯ ಹೋಟೆಲುಗಳಲ್ಲಿ ಇದು ಮಿರ್ಚಿ ಭಜ್ಜಿ ಜೊತೆ ಬೆಳಗಿನ ನಾಷ್ಟಾ. ಮನೆಯಲ್ಲಿ ಇದನ್ನೇ ರಾತ್ರಿಯೂಟ ಮಾಡಲು ಯಾವ ಸಂಕೋಚವೂ ಬೇಡ. ಅಂದಹಾಗೆ, ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿರುವ ಬಿಹಾರದ ನೆರೆಯವರು ಊರಿನಿಂದ ತರುವ ಸತ್ತು ಕೂಡ ಹುರಿದ ಕಡಲೆಯ ಹಿಟ್ಟೇ. ಅದು ಸಿಗದ ದಿನ ನಮ್ಮ ಪುಟಾಣಿ ಹಿಟ್ಟು ಅವರ ಮನೆಗೂ ಆದೀತು.

ನಮ್ಮ ಅಡುಗೆಯಲ್ಲಿ ಬೆರೆತುಹೋದ ಶೇಂಗಾ, ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ನಾಲ್ಕೂ ಅಮೆರಿಕ ಖಂಡಗಳ ಬೆಳೆ, ಪೋರ್ಚುಗೀಸರು ಕಡಲ ದಾರಿಯಲ್ಲಿ ಭಾರತಕ್ಕೆ ಬಂದ 1498ರ ನಂತರವೇ ಇಲ್ಲಿಗೆ ಬಂದವು. ಹಂಪಿಯ ಹಳೆಯ ಅಡುಗೆಮನೆಗಳಲ್ಲಿ ಖಾರವೆಂದರೆ ಕರಿಮೆಣಸು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಕ್ಕಿ ಮತ್ತು ಕಾಳುಕಡ್ಡಿ ಹೇರಳವಾಗಿ ಬೆಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಹಂಪಿಯಲ್ಲಿ ನೀರಿನ ಕಾಲುವೆಯ ಎರಡೂ ಮಗ್ಗುಲಿಗೆ ಸಾಲಾಗಿ ಕಲ್ಲಿನ ತಟ್ಟೆಗಳಿವೆ. ಅನ್ನಕ್ಕೆ ಅಗಲ ಜಾಗ, ಪಲ್ಯ ಸಾರುಗಳಿಗೆ ಬೇರೆ ಬೇರೆ ಗುಂಡಿ, ಎಲ್ಲ ಕಲ್ಲಿನಲ್ಲೇ ಕೊರೆದದ್ದು. ಅಲ್ಲಿನ ಹೇಮಕೂಟ ಗುಡ್ಡದ ಆಚೀಚಿನ ಎರಡು ದೊಡ್ಡ ಗಣಪತಿಗಳ ಹೆಸರೂ ಒಗ್ಗರಣೆ ಡಬ್ಬಿಯಿಂದಲೇ ಎದ್ದು ಬಂದವು: ಸಾಸಿವೆಕಾಳು, ಕಡಲೆಕಾಳು.

ಮತ್ತೆ ಪಾಳಿಯ ಊಟಕ್ಕೆ ಬರೋಣ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಇರಬೇಕೆಂದು ವಿಧಿಸಿತ್ತು. ಪಾಳಿಯಲ್ಲಿ ಕ್ಯಾಂಟೀನ್ ಊಟ ಮಾಡಿ ಬರುವವರಿಗೆ ಮನೆಯಲ್ಲಿ ಮತ್ತೊಂದು ಭರ್ತಿ ಊಟ ಬೇಕಿಲ್ಲ. ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಉಪ್ಪಿನಕಾಯಿ ಸಾಕು. ವಾರದ ಪಟ್ಟಿ ಬರೆಯುವ ಮುಂಚೆ ಯಾರ ಪಾಳಿ ಯಾವುದೆಂದು ಬರೆದುಕೊಳ್ಳಿ, ಎಷ್ಟು ತಟ್ಟೆ ಎಂಬುದು ತಾನಾಗಿ ತಿಳಿಯುತ್ತದೆ. ಇಡೀ ಮನೆ ಒಟ್ಟಿಗೆ ಕೂರುವ ರಾತ್ರಿ ವಾರದಲ್ಲಿ ಒಂದೆರಡೇ ಸಿಕ್ಕೀತು. ಮೆತ್ತನೆ ಬಿಸಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿಗಳನ್ನು ಆ ರಾತ್ರಿಗೆ ಎತ್ತಿಡಿ.

ಸಂಡೂರಿನ ಗುಡ್ಡದ ಕಬ್ಬಿಣದ ಅದಿರು ಬಾಣಲೆಯ ಮೂಲಕ ನಿಮ್ಮ ಊಟಕ್ಕೂ ಬರಬಲ್ಲದು. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊದಂಥ ಹುಳಿ ಪದಾರ್ಥ ಬೇಯಿಸಿದರೆ ಲೋಹದ ಒಂದಂಶ ಅಡುಗೆಯಲ್ಲಿ ಕರಗುತ್ತದೆ. ಬೆಂದ ಮೇಲೆ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗಿ ಒಗರಾಗುತ್ತದೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ನಿಂಬೆಹಣ್ಣಿನ ಹುಳಿ ನೆರವಾಗುತ್ತದೆ, ಚಹಾ ಅಡ್ಡಬರುತ್ತದೆ. ಸಿ ಶಿಫ್ಟಿಗೆ ಹೊರಡುವವರು ಚಹಾವನ್ನು ಊಟದ ಬೆನ್ನಿಗೇ ಕುಡಿಯದೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋದರೆ ಒಳ್ಳೆಯದು. ನಡುರಾತ್ರಿ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.