ಕೈನೋವನ್ನು ಕೇಳುವುದು ಹೇಗೆ?

“ಯಾರಾದರೂ ಕೈಕುಲುಕಲು ಬಂದರೆ ಹಿಂಜರಿಯದೆ ಕೈ ಕೊಡುತ್ತೀರಾ?”

ಫ್ರಾನ್ಸಿನ ಒಬ್ಬ ಅಜ್ಜಿಗೆ ಈ ಪ್ರಶ್ನೆ ಕೇಳಿದಿರೆನ್ನಿ. ಬೆರಳ ಗೆಣ್ಣುಗಳು ಊದಿ ನೋಯುತ್ತಿದ್ದರೆ ಆಕೆ ಬೇಡವೆಂದಾಳು. ಅದೇ ಪ್ರಶ್ನೆಯನ್ನು ಟೋಕಿಯೋದ ಅಜ್ಜಿಯ ಮುಂದಿಟ್ಟರೆ? ಅದು ಬಾಗಿ ವಂದಿಸುವ ನಾಡು. ಆಕೆ ‘ಹಿಂಜರಿಯುತ್ತೇನೆ’ ಎಂದು ಬರೆದರೆ ಅದಕ್ಕೆ ಕಾರಣ ನೋವೋ, ರೂಢಿಯಿಲ್ಲದ್ದೋ? ಕಾಗದ ನೋಡಿದ ವೈದ್ಯರಿಗೆ ತಿಳಿಯುವುದಿಲ್ಲ.

ಇದು ಕಟ್ಟುಕಥೆಯ ಪ್ರಶ್ನೆಯಲ್ಲ. ಕೈಬೆರಳುಗಳ ಕೀಲು ಸವೆತದಿಂದ ಬಳಲುವವರಿಗಾಗಿ ಫ್ರಾನ್ಸಿನ ಡ್ರೈಸರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿರುವುದು. ಇರುವುದು ಹತ್ತೇ ಪ್ರಶ್ನೆಗಳು. ಬೀಗದ ಕೈ ತಿರುಗಿಸಬಲ್ಲಿರಾ, ಗುಂಡಿ ಹಾಕಬಲ್ಲಿರಾ, ಗಂಟು ಕಟ್ಟಬಲ್ಲಿರಾ ಎಂಬಂಥವು. ಸಲೀಸಾದರೆ ಸೊನ್ನೆ, ಸಾಧ್ಯವೇ ಇಲ್ಲವಾದರೆ 3. ಒಟ್ಟು 30 ಅಂಕ. ಇಲ್ಲಿ ಹೆಚ್ಚು ಅಂಕ ಪಡೆದವರ ಪಾಡು ಹೆಚ್ಚು ಕಷ್ಟ!

ಎಕ್ಸ್‌ರೇ ಇರುವಾಗ ಇದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಎಕ್ಸ್‌ರೇಯಲ್ಲಿ ಕೀಲು ತೀರಾ ಸವೆದಂತೆ ಕಂಡರೂ ಕೆಲವರು ಆರಾಮವಾಗಿ ಹೊಲಿಯುತ್ತಾರೆ. ಅಲ್ಪ ಸವೆತವಿರುವವರು ಪೆನ್ನು ಹಿಡಿಯಲಾರರು. ಹೊಸ ಔಷಧಿಯಿಂದ ಉಪಯೋಗವಾಯಿತೇ ಎಂಬುದನ್ನು ರೋಗಿಯೇ ಹೇಳಬೇಕು. ಪ್ರಶ್ನೆ ತಪ್ಪಿದರೆ ಅಂಕ ತಪ್ಪುತ್ತದೆ. ಅಂಕ ತಪ್ಪಿದರೆ ಕೆಲಸಕ್ಕೆ ಬಾರದ ಮಾತ್ರೆಯೂ ಒಳ್ಳೆಯದೆನಿಸೀತು.

ಈಗ ‘ಚಾಕುವಿನಿಂದ ಮಾಂಸ ಕತ್ತರಿಸಬಲ್ಲಿರಾ’ ಎಂಬ ಪ್ರಶ್ನೆ ನೋಡಿ. ಫ್ರೆಂಚರ ತಟ್ಟೆಯಲ್ಲಿ ಇದು ನಿತ್ಯದ ಕೆಲಸ. ಜಪಾನೀ ಊಟದಲ್ಲಿ ಮಾಂಸ ಸಾಮಾನ್ಯವಾಗಿ ಅಡುಗೆಮನೆಯಲ್ಲೇ ತುಂಡಾಗಿ ಬರುತ್ತದೆ, ತಿನ್ನುವುದು ‘ಹಾಶಿ’ ಎಂಬ ಎರಡು ಕಡ್ಡಿಗಳಿಂದ. ಹಾಗಾದರೆ ‘ಹಾಶಿ ಹಿಡಿಯಬಲ್ಲಿರಾ’ ಎಂದು ಬದಲಿಸಿದರಾಯಿತಲ್ಲ? ಅಷ್ಟು ಸುಲಭವಲ್ಲ. ಚಾಕುವಿಗೆ ಒತ್ತುವ ಬಲ ಬೇಕು. ಹಾಶಿಗೆ ಹೆಬ್ಬೆರಳು, ಬೆರಳುಗಳ ನಾಜೂಕು ಬೇಕು. ಎರಡೂ ಅಳೆಯುವುದು ಬೇರೆ ಬೇರೆ ಶಕ್ತಿಯನ್ನು. ಪ್ರಶ್ನೆ ಬದಲಾದರೆ ಜಪಾನಿನ ಅಂಕವನ್ನು ಫ್ರಾನ್ಸಿನ ಅಂಕದ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ಬದಲಿಸದಿದ್ದರೆ ರೋಗಿಗೆ ಪ್ರಶ್ನೆಯೇ ಪರಕೀಯ. ಅನುವಾದಕರ ನಿಜವಾದ ಇಕ್ಕಟ್ಟು ಇದು, ನಿಘಂಟು ಇಲ್ಲಿ ನೆರವಿಗೆ ಬಾರದು.

ಇದಕ್ಕೊಂದು ಕ್ರಮವನ್ನು ಡಾರ್ಕಾಸ್ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದರು. ಇಬ್ಬರು ಬೇರೆ ಬೇರೆಯಾಗಿ ತಮ್ಮ ತಾಯ್ನುಡಿಗೆ ಅನುವಾದಿಸಬೇಕು. ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ಏನೂ ಅರಿಯದವರು. (ಅರಿಯದವರೇ ಏಕೆ? ರೋಗಿ ಓದುವಂತೆ ಓದುವವರು ಅವರೇ ತಾನೆ!) ಎರಡನ್ನೂ ಹೊಂದಿಸಿದ ಮೇಲೆ, ಮೂಲವನ್ನು ಕಂಡಿರದ ಇಬ್ಬರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಬೇಕು. ಅರ್ಥ ಎಲ್ಲಿ ಜಾರಿದೆ ಎಂಬುದು ಆಗ ಗೊತ್ತಾಗುತ್ತದೆ. ತಜ್ಞರ ಸಮಿತಿ ತಿದ್ದಿದ ಬಳಿಕ ಮೂವತ್ತು ನಲವತ್ತು ರೋಗಿಗಳಿಗೆ ಕೊಟ್ಟು, ‘ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?’ ಎಂದು ವಿಚಾರಿಸಬೇಕು. ಕೈಕುಲುಕುವ ಪ್ರಶ್ನೆಯ ಬಣ್ಣ ಬಯಲಾಗುವುದು ಇಲ್ಲೇ.

ತೋಳು, ಭುಜ, ಕೈಗಳಿಗೆಂದು ಉತ್ತರ ಅಮೆರಿಕದಲ್ಲಿ 1996ರಲ್ಲಿ ಬಂದ ‘ಡ್ಯಾಶ್’ ಎಂಬ 30 ಪ್ರಶ್ನೆಗಳ ಪಟ್ಟಿಯ ಜಪಾನೀ ರೂಪ 2005ರಲ್ಲಿ ಪ್ರಕಟವಾಯಿತು. ನಗೋಯಾದ ವೈದ್ಯರು ಬೇರೆಯೇ ದಾರಿ ಹಿಡಿದರು. ಪರರ ಪ್ರಶ್ನೆ ಬೇಡವೆಂದು 20 ಪ್ರಶ್ನೆಗಳನ್ನು ಜಪಾನೀ ಭಾಷೆಯಲ್ಲೇ ರಚಿಸಿ, ಜೊತೆಗೆ ಚಿತ್ರ ಬರೆಸಿ, 2010ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ಹ್ಯಾಂಡ್ 20’. ವಯಸ್ಸಾದವರು ಚಿತ್ರ ನೋಡಿ ಉತ್ತರ ಗುರುತು ಹಾಕಬಹುದು. ಆದರೂ ತಮ್ಮ ರೋಗಿಗಳ ಸ್ಥಿತಿಯನ್ನು ಪ್ಯಾರಿಸ್ಸಿನದೋ ಟೊರಾಂಟೋದ್ದೋ ಜೊತೆ ಹೋಲಿಸಬೇಕಾದಾಗ ಅಲ್ಲಿನ ವೈದ್ಯರಿಗೆ ಅನುವಾದದ ಪಟ್ಟಿಯೇ ಬೇಕಾಗುತ್ತದೆ.